ಹೊಟ್ಟು

ಮೂರನೇ ಪಾಳಿ. ತುಂಗೆಯ ಆಚೆ ದಡದಲ್ಲಿ
ಊರು ಮಲಗಿದೆ; ಊರು ತೊಳೆದು ಬಿಟ್ಟದ್ದೆಲ್ಲ
ಇಲ್ಲಿ ನನ್ನೆದುರು ಎಚ್ಚರವಾಗಿದೆ.

ಪ್ರೆಸ್ಸಿನ ಮುಳ್ಳು ಏಳು ದಾಟಿತು.
ಬಟ್ಟೆಯಿಂದ ಹನಿ ಇಲ್ಲ.
ಇನ್ನೂ ಒತ್ತು ಅಂದಿತು ಕೈ.
ಹಾಲೇಶಪ್ಪ ಬೀಡಿಯನ್ನು ಕಿವಿಗೆ ಸಿಕ್ಕಿಸಿ,
"ಕಬ್ಬೇನಮ್ಮಾ ಇದು, ಹಿಂಡಿದಷ್ಟೂ ಕೊಡೋಕೆ?
ಒತ್ತಿದ್ರೆ ಬಾಯಿ ಬಿಗಿಯುತ್ತೆ."

ಸಂಜೆ ಗಾಡಿಕೊಪ್ಪದ ಮಿಲ್ಲಿಂದ ಸ್ಕೂಟರಿನಲ್ಲಿ
ಎರಡು ಚೀಲ ಭತ್ತದ ಹೊಟ್ಟು ತಂದಿದ್ದರು,
ಯಾವ ಟೆಂಡರಿನಲ್ಲೂ ಇಲ್ಲದ್ದು.
ಪಾಲಿಮರ್ ಅರ್ಧ ತಗ್ಗಿಸಿ, ಹೊಟ್ಟು ಕಲಸಿದೆವು.
ಮೊದಲ ಸಲ ಕಡಿಮೆಯಾಯ್ತು. ಎರಡನೇ ಸಲ ಪಂಪು ಕಟ್ಟಿತು.
ಮೂರನೆಯದಕ್ಕೆ, ಎರಡೂವರೆ ಗಂಟೆಗೆ,
ನಲ್ಲಿಯಲ್ಲಿ ಒಂದು ಗೆರೆ ನೀರು.
ಚಹದ ಲೋಟದಲ್ಲಿ ಹಿಡಿದು ಬಲ್ಬಿಗೆ ಎತ್ತಿದೆ:
ಒಣಹುಲ್ಲಿನ ಬಣ್ಣ, ಕಣವಿಲ್ಲ.

ತಟ್ಟೆ ಬಿಚ್ಚಿದರೆ ಹೆಂಟೆ ತಾನೇ ಕಳಚಿ ಬಿತ್ತು,
ಬಟ್ಟೆಗೆ ಒಂದು ಚೂರೂ ಅಂಟದೆ.
ಒಡೆದು ನೋಡಿದೆ. ಒಳಗೆಲ್ಲ
ಹೊಟ್ಟಿನ ಸಣ್ಣ ದೋಣಿಗಳು, ಖಾಲಿ;
ಅಕ್ಕಿ ಬಿಟ್ಟುಹೋದ ಜಾಗದಲ್ಲಿ
ನೀರು ದಾರಿ ಮಾಡಿಕೊಂಡು ಹೋಗಿತ್ತು.

ಲಾಗ್‌ಬುಕ್ಕಿನಲ್ಲಿ ಹಾಲೇಶಪ್ಪ ಬರೆದದ್ದು ಇಷ್ಟು:
"ಕೇಕ್ ಒಣಗಿದೆ. ಪಂಪು ತೊಳೆಯಬೇಕು."