ಕಿಲೋಗೆ ಇಪ್ಪತ್ತು ಸೆಂಟ್ ಕಡಿಮೆ

ಪಾರ್ನು ಊರಿನ ಹಳೆ ಸಾಮಾನಿನ ಸಂತೆಯಲ್ಲಿ
ಹನ್ನೆರಡು ಯೂರೋಗೆ ಸಿಕ್ಕ ಕ್ಯಾಮೆರಾ.
ಸೋಪಿನ ಬಿಲ್ಲೆಯಷ್ಟು. ಲೆನ್ಸಿನ ರೆಪ್ಪೆ
ಅರ್ಧಕ್ಕೇ ನಿಲ್ಲುತ್ತದೆ, ಉಗುರಿನಿಂದ ತೆರೆಯಬೇಕು.
ಒಳಗಿನ ಮಾತೆಲ್ಲ ಜರ್ಮನ್.
ಆದರೆ ಒಂದು ಗುಣವಿದೆ ಇದಕ್ಕೆ:
ತೋರಿಸಿದ ಒಂದು ಬಣ್ಣವನ್ನು ಉಳಿಸಿಕೊಂಡು
ಮಿಕ್ಕ ಲೋಕಕ್ಕೆಲ್ಲ ಬೂದಿ ಬಳಿಯುತ್ತದೆ.

ಮದುವೆಗೆ ಚೆಂದ, ಎಂದಳು ಮಾರುವವಳು,
ಗುಲಾಬಿ ಮಾತ್ರ ಕೆಂಪು, ಗಂಡುಹೆಣ್ಣು ಕಪ್ಪುಬಿಳುಪು.
ನನಗೆ ಬೇಕಿದ್ದದ್ದು ಬೇರೆ.

ಕೆಂಪು, ಹಸಿರು ನನ್ನ ಕಣ್ಣಿಗೆ
ಒಂದೇ ಅಂಗಿ ತೊಟ್ಟ ಅವಳಿಗಳು.
ರಸ್ತೆಯ ಸಿಗ್ನಲ್ಲನ್ನು
ಮೇಲಿನ ದೀಪ, ಕೆಳಗಿನ ದೀಪ ಎಂದು ಓದುತ್ತೇನೆ.
ಜೌಗಿನಲ್ಲಿ ಮೇಲೆ ಕೆಳಗೆ ಎಂಬುದಿಲ್ಲ.
ಪಾಚಿಯ ಹಾಸಿನ ಮೇಲೆ ಕ್ರಾನ್‌ಬೆರಿ
ಯಾರದೋ ಮಣಿಸರ ಹರಿದ ಹಾಗೆ ಚೆಲ್ಲಿರುತ್ತದೆ. ಅಂತೆ.
ಏಳನೇ ವಯಸ್ಸಿನಲ್ಲಿ ನಾನು ತಂದ ಬಕೆಟ್ಟನ್ನು
ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಸುರಿದು
ಮಾಗಿದ್ದು, ಮಾಗದ್ದು ಎಂದು ಎರಡು ಗುಡ್ಡೆ ಮಾಡಿದಳು.
ಎರಡನೆಯದೇ ದೊಡ್ಡದು.
ಎಲ್ಲರೂ ನಕ್ಕರು. ಅಕ್ಕ ಮೈಮು ನಗಲಿಲ್ಲ.

ಅವಳಿಗೀಗ ಅರವತ್ತೆಂಟು.
ಕೆಂಪು ಯಾವುದೆಂದು ಕ್ಯಾಮೆರಾಕ್ಕೂ
ಯಾರಾದರೂ ಹೇಳಿಕೊಡಬೇಕಲ್ಲ.
"ಹಿಡಿ ಇಲ್ಲಿ, ಹೆಲ್ದುರ್" ಎಂದು
ತನ್ನ ಉಣ್ಣೆಯ ಕೈಗವಸನ್ನು
ಪರದೆಯ ನಡುವಿನ ಪುಟ್ಟ ಚೌಕದ ತುಂಬ ಚಾಚಿದಳು.
ಗುಂಡಿ ಒತ್ತಿದೆ.
ಆಕಾಶ ಹೋಯಿತು, ಪೈನ್ ಮರ ಹೋಯಿತು,
ನನ್ನ ರಬ್ಬರ್ ಬೂಟು ಹೋಯಿತು.
ಕೈಗವಸು ಉಳಿಯಿತು.

ಆಮೇಲೆ ಮಂಡಿಯೂರಿ ಕ್ಯಾಮೆರಾವನ್ನು ಪಾಚಿಗೆ ಹಿಡಿದೆ.
ಬೂದಿ. ಬೂದಿ. ಅಲ್ಲೊಂದು ಚುಕ್ಕೆ.
ಅಗೋ ಮೂರು.
ನನಗೆ ಕಂಡದ್ದು ನಿಮ್ಮ ಕೆಂಪಲ್ಲ, ಬಲ್ಲೆ,
ಹಳೆಯ ಜೇನಿನ ಕಂದು ಇರಬೇಕು.
ಹೆಸರು ಏನಾದರೂ ಆಗಲಿ, ಅದು ಅಲ್ಲಿತ್ತು.
ನೋಡುವುದು, ಕೈ ಚಾಚುವುದು, ಮತ್ತೆ ನೋಡುವುದು;
ಅವಳ ಎರಡು ಬಕೆಟ್ಟಿಗೆ ನನ್ನದು ಕಾಲು ಬಕೆಟ್ಟು.
ಪಾಚಿಯಲ್ಲೇ ಒಂದು ಕೆಂಪು ಜಾತಿಯಿದೆಯಂತೆ,
ಅದಕ್ಕೆ ಕ್ಯಾಮೆರಾವೂ ನಾನೂ ಜೊತೆಯಾಗಿ ಮೋಸಹೋದೆವು.

ಸಂಜೆ ಬೆಳಕು ಇಳಿಯಿತು, ಹಣ್ಣೂ ಪರದೆಯಲ್ಲಿ ಮಂಕಾಯಿತು.
ಬಣ್ಣದ ಬೇಲಿಯನ್ನು ಎರಡು ಗೀಟು ಅಗಲಿಸಿದೆ.
ರಸ್ತೆಯಂಚಿಗೆ ಕಾಲ್ಯೊನ ವ್ಯಾನ್, ತಕ್ಕಡಿ.
ಪೆಟ್ರೋಲ್ ಬಂಕಿನವನಿಗಿಂತ
ಕಿಲೋಗೆ ಇಪ್ಪತ್ತು ಸೆಂಟ್ ಕಡಿಮೆ ಕೊಡುತ್ತಾನೆ ಈ ಮನುಷ್ಯ.
ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ.
ಹನ್ನೊಂದು ವರ್ಷದಿಂದ ಮೈಮು ಇವನಿಗೇ ಮಾರುತ್ತಾಳೆ.

ತೂಕದ ನೆನಪಿಗೆಂದು ಒಂದು ಫೋಟೋ ತೆಗೆದೆ.
ಬೂದಿಯ ವ್ಯಾನ್, ಬೂದಿಯ ಕಾಲ್ಯೊ, ಬೂದಿಯ ಕಾಡು.
ತಟ್ಟೆಯಲ್ಲಿ ಹಣ್ಣು, ವ್ಯಾನಿನ ಹಿಂದೀಪ,
ಮತ್ತೆ
ಅಕ್ಕನ ಎರಡೂ ಕೆನ್ನೆ. ಒಂದು ಕಿವಿ.

ಮುಖ ಕೆಂಪಾಯಿತು ಎನ್ನುತ್ತಾರಲ್ಲ,
ಬರೀ ಮಾತಿನ ಬೆಡಗು ಅಂದುಕೊಂಡಿದ್ದೆ ಇಷ್ಟು ವರ್ಷ.
ಹೊಟ್ಟೆ ಉರಿಯಿತು ಎಂದಾಗ
ಯಾರ ಬಾಯಲ್ಲೂ ಹೊಗೆ ಬರುವುದಿಲ್ಲ ತಾನೆ?

ಚಳಿಯಿರಬಹುದು ಎಂದು ಬೇಲಿಯನ್ನು ಮತ್ತೆ ಕಿರಿದು ಮಾಡಿದೆ.
ಕೆನ್ನೆ ತುಸು ಮಂಕು, ಆದರೂ ಇತ್ತು.
ಕಾಲ್ಯೊ ಚಿಲ್ಲರೆ ತರಲು ಮುಂದಿನ ಸೀಟಿಗೆ ಹೋದ:
ಇನ್ನೊಂದು ತೆಗೆದೆ. ಕೆನ್ನೆ ಬೂದಿ.
ಮರಳಿ ಬಂದು ನಾಣ್ಯಗಳನ್ನು
ಒಂದೊಂದಾಗಿ ಅವಳ ಅಂಗೈಗೆ ಎಣಿಸಿದ:
ಮತ್ತೊಂದು ತೆಗೆದೆ.
ಚಳಿಯಲ್ಲ.

"ಏನೇನು ತೆಗೆದೆ, ತೋರಿಸು" ಎಂದಳು ಕಾರಿನಲ್ಲಿ.
ಬ್ಯಾಟರಿ ಮುಗಿಯಿತು ಎಂದೆ.
ಪೆಟ್ರೋಲ್ ಬಂಕ್ ಬಂತು, ಅವನ ದರದ ಹಲಗೆ ಬಂತು,
ಹಿಂದೆಯೂ ಹೋಯಿತು.
ಸ್ವಲ್ಪ ದೂರ ಸುಮ್ಮನಿದ್ದು ಅವಳೇ ಕೇಳಿದಳು:
"ಯಾಕೋ, ಈ ಸಲ ಲೆಕ್ಕ ಹೇಳುವುದಿಲ್ಲವೇ?"