ಹದಿನಾಲ್ಕು ದಿನ

ಮೊದಲನೆಯದರಲ್ಲಿ ಒಂದು ಕೆಂಪು ಚುಕ್ಕಿ.
ಎಳ್ಳಿನಷ್ಟೂ ಇಲ್ಲ, ಎಳ್ಳಿನ ನೆರಳಿನಷ್ಟು.
ಆಟದೊಳಗೆ ರಾತ್ರಿಯಾದಾಗಲೆಲ್ಲ
ನನ್ನ ಬಿಲ್ಲುಗಾರ್ತಿಯ ಕಿವಿಯ ಹಿಂದೆ
ಯಾರೋ ಸಿಗರೇಟು ಹಚ್ಚಿ ನಿಂತ ಹಾಗೆ.

ಎರಡನೆಯದರ ಕಪ್ಪು ಕಪ್ಪಾಗಿರಲಿಲ್ಲ.
ಮೂಲೆಗಳಿಂದ ಬೆಳಕು ಒಸರುತ್ತಿತ್ತು,
ಬಾಗಿಲ ಸಂದಿಯಲ್ಲಿ ಪಕ್ಕದ ಮನೆಯ ದೀಪ.
ಮೂರನೆಯದರಲ್ಲಿ ಉದ್ದಕ್ಕೆ ಒಂದು ಹಸಿರು ಗೆರೆ.
ಅಷ್ಟೆ.

ಎಂಟು ತಿಂಗಳು
ಟ್ರಾಮ್ ಡಿಪೋದ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದ ದುಡ್ಡು.

ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ.
ಕೊರಿಯರಿನ ಒಲೆಹ್ ಈಗ ಬೆಲ್ಲು ಒತ್ತುವುದಿಲ್ಲ,
ಮೆಟ್ಟಿಲ ಬುಡದಿಂದಲೇ ಕೂಗುತ್ತಾನೆ:
"ಬೋಗ್ನಾ, ಇವತ್ತು ತರುವುದೋ, ಒಯ್ಯುವುದೋ?"

ಕಂಪನಿಯ ಕಾಗದದಲ್ಲಿ ಬರೆದಿದೆ,
ಐದು ಚುಕ್ಕಿಯವರೆಗೆ ದೋಷವೆಂದು ಲೆಕ್ಕವಿಲ್ಲ.
ಅಜ್ಜಿ ಗೆನೋವೇಫಾ ನಕ್ಕಳು.
"ಐದಾ? ನಮ್ಮ ಗಿರಣಿಯಲ್ಲಿ
ಒಂದು ಎಳೆ ತಪ್ಪಿದರೆ ಸಂಬಳದಲ್ಲಿ ಮುರಿಯುತ್ತಿದ್ದರು."

ದೋಣಿಯೆಂದು ಹೆಸರಿಟ್ಟುಕೊಂಡು
ನೀರಿಲ್ಲದೆ ಬದುಕಿದ ಊರು, ನಮ್ಮ ವುಚ್.
ಇಲ್ಲಿ ಹರಿದದ್ದು ಬಟ್ಟೆ.
ಮೂವತ್ತೊಂದು ವರ್ಷ ಅಜ್ಜಿಯ ಮುಂದೆ,
ಅಡಿಯಿಂದ ದೀಪ ಹಾಕಿದ ಓರೆ ಮೇಜಿನ ಮೇಲೆ,
ಥಾನುಗಟ್ಟಲೆ ಹರಿಯಿತು.
ಅವಳ ಕೈಯಲ್ಲಿ ಒಂದು ಸೀಮೆಸುಣ್ಣ.
ಗಿರಣಿ ಮುಚ್ಚಿ ಅಲ್ಲಿ ಸಿನೆಮಾ, ಶೂ ಅಂಗಡಿ ಬಂದವು.
ಸೀಮೆಸುಣ್ಣ ಇನ್ನೂ ಏಪ್ರನ್ ಜೇಬಿನಲ್ಲೇ ಇದೆ.

ಕೆಂಪು ಚುಕ್ಕಿ ಹಿಡಿದವಳು ಅವಳೇ,
ನಾನು ಆಟಕ್ಕೆ ಕೂರುವ ಮೊದಲೇ. ಗೆರೆಯನ್ನೂ.
ಕೋಣೆಯ ದೀಪ ಆರಿಸಿ
ಬಿಳಿ, ಕೆಂಪು, ಹಸಿರು, ನೀಲಿ, ಕಪ್ಪು
ಒಂದಾದ ಮೇಲೊಂದು ಹಾಸಲು ಹೇಳುತ್ತಾಳೆ.
ಗೋಡೆಗೆ ಒರಗಿ, ಮುಖ ಕಿಟಕಿಗೆ ತಿರುಗಿಸಿ,
ಓರೆಗಣ್ಣಿನಲ್ಲಿ ನೋಡುತ್ತಾಳೆ.
"ನೇರ ನೋಡುವವರಿಗೆ ಬಟ್ಟೆ ಸುಳ್ಳು ಹೇಳುತ್ತದೆ."

ನಾಲ್ಕನೆಯದು ಫೆಬ್ರವರಿಯಲ್ಲಿ ಬಂತು,
ಪೆಟ್ಟಿಗೆಯ ಮೇಲೆ ಹಿಮ.
ಒಂದು ಗಂಟೆ ಭೂತಗನ್ನಡಿ ಹಿಡಿದು ಹುಡುಕಿದೆ.
ಏನೂ ಇಲ್ಲ. ಕಪ್ಪು ಎಂದರೆ ಕಪ್ಪು,
ಬಾವಿಯ ಮೇಲಿನ ಮುಚ್ಚಳ ತೆಗೆದ ಹಾಗೆ.
ಅಜ್ಜಿ ಓರೆಯಾಗಿ ನೋಡಿದಳು. "ಚೊಕ್ಕ," ಎಂದಳು.
"ಸರಿ, ಈಗ ಗಿರಾಕಿಯ ಹಾಗೆ ನೋಡೋಣ" ಎಂದು
ಬಿಳಿ ಪರದೆಯ ಎದುರು, ನನ್ನ ಕುರ್ಚಿಯಲ್ಲಿ,
ನೆಟ್ಟಗೆ ಕೂತಳು.

"ನಡುವೆ ಇದೆಯಲ್ಲ. ಬೂದು ಬಣ್ಣದ್ದು. ದೊಡ್ಡದೇ."

ಎಲ್ಲಿ?
ಬೆರಳಿಟ್ಟು ತೋರಿಸಿದಳು. ನನಗೆ ಕಾಣಲಿಲ್ಲ.
ಪರದೆಯನ್ನು ಪಕ್ಕಕ್ಕೆ ಸರಿಸಿದೆ.
ಚುಕ್ಕಿ ಸರಿಯಲಿಲ್ಲ,
ಗೋಡೆಯ ಮೇಲೆ ಉಳಿಯಿತು.
ಅಜ್ಜಿ ಗೋಡೆ ನೋಡಿದಳು, ಬಿಳಿ ಬಸಿ ನೋಡಿದಳು,
ಆಮೇಲೆ ನನ್ನ ಮುಖ.
ನನ್ನ ಮೂಗು ಇರಬೇಕಾದಲ್ಲಿ
ಏನು ಕಂಡಿತೋ, ಹೇಳಲಿಲ್ಲ.
"ಇದನ್ನು ಇಟ್ಟುಕೋ," ಎಂದಳು. "ಇದು ಸರಿಯಾಗಿದೆ."

ಕಣ್ಣಿನ ಆಸ್ಪತ್ರೆಯ ಸಾಲಿನಲ್ಲಿ ಅವಳ ಸರದಿ ನವೆಂಬರಿಗಿತ್ತು.
ಸಾಲ ಮಾಡಿ ಖಾಸಗಿ ಡಾಕ್ಟರರ ಬಳಿ ಹೋದೆವು.
ಅವರು ಒಂದು ಚೌಕಳಿ ಕಾಗದ ಕೊಟ್ಟು,
ಒಂದು ಕಣ್ಣು ಮುಚ್ಚಿ ನಡುವೆ ನೋಡಿ ಎಂದರು.
ಅಜ್ಜಿ ಕಾಗದ ಹಿಡಿದು ಬೆರಳಿನಿಂದ ಸವರಿದಳು,
ನೂಲು ಎಂತಹದೆಂದು ನೋಡುವವಳಂತೆ.
"ಹಾಸು ನೆಟ್ಟಗಿದೆ," ಎಂದಳು. "ಹೊಕ್ಕು ಬಾಗಿದೆ.
ಇಲ್ಲಿ ನಾಲ್ಕು ಎಳೆ ಇಲ್ಲವೇ ಇಲ್ಲ.
ಯಾರು ಪಾಸು ಮಾಡಿದರು ಇದನ್ನು?"

ಡಾಕ್ಟರು ಬರೆದುಕೊಂಡರು.
ಸೂಜಿ, ಹನಿ, ತಿಂಗಳಿಗೊಮ್ಮೆ.
ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿಯಬಹುದು.
ಬರುವಾಗ ಟ್ರಾಮಿನಲ್ಲಿ ಕೇಳಿದಳು:
"ನಿನ್ನ ಪೆಟ್ಟಿಗೆಗೆ ವಾಪಸು ಕೊಡಲು ಎಷ್ಟು ದಿನ?"
ಹದಿನಾಲ್ಕು.
"ಒಳ್ಳೆಯ ಅಂಗಡಿ."

ಹದಿನಾಲ್ಕನೆಯ ದಿನ ಒಲೆಹ್ ಕೆಳಗಿಂದ ಕೂಗಿದ.
ಒಯ್ಯುವುದೇನೂ ಇಲ್ಲ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ.
ಹತ್ತಿ ಬಂದ, ಟೀ ಕುಡಿದ,
ಪರದೆಯ ಕಾಡಿನಲ್ಲಿ ಎಲೆ ಅಲ್ಲಾಡುವುದನ್ನು ನೋಡಿದ.

ಈಗ ರಾತ್ರಿ ನಾನು ಆಡುವಾಗ
ಅಜ್ಜಿ ಪಕ್ಕದ ಸ್ಟೂಲಿನಲ್ಲಿ ಕೂರುತ್ತಾಳೆ.
ಅವಳ ಮುಖ ಬಾಗಿಲ ಚೌಕಟ್ಟಿನ ಕಡೆ,
ಪರದೆ ಅವಳ ಕಣ್ಣಂಚಿನಲ್ಲಿ.
ನನ್ನ ಬಿಲ್ಲುಗಾರ್ತಿ ಉಸಿರು ಬಿಗಿಹಿಡಿದು ನಿಂತಿದ್ದಾಳೆ,
ನನಗೆ ಏನೂ ಕಾಣುತ್ತಿಲ್ಲ.

"ಎಡಕ್ಕೆ," ಎನ್ನುತ್ತಾಳೆ ಬಾಗಿಲಿಗೆ. "ಪೊದೆಯ ಹಿಂದೆ. ಇಬ್ಬರು."