ಅಂಚಿನಾಚೆ

ಮಾಲ್ದಾರೆಯ ಒಂದನೇ ತರಗತಿ, ಹನ್ನೊಂದು ಮಕ್ಕಳು,
ಬೆಂಚಿನ ಮೇಲೆ ನನ್ನ ಫೋನು.
ಅದರಲ್ಲಿ ಹುಲಿಯೊಂದು ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ
ಕಾಲ ಮೇಲೆ ಕಾಲು ಹಾಕಿ ಚಾ ಕುಡಿಯುತ್ತಿದೆ.
ನಿಜವಾ, ಸುಮ್‌ಸುಮ್ನೆಯಾ? ಕೇಳಿದೆ.

ಸುಮ್‌ಸುಮ್ನೇ! ಎಂದು ಹೆಂಚು ಹಾರುವ ಹಾಗೆ ಕೂಗಿದರು.
ಹುಲಿ ಚಾ ಕುಡಿಯಲ್ಲ ಎಂದಳು ರಂಸೀನ.
ಕುಡಿದರೂ ಗೋಣಿಕೊಪ್ಪದ್ದು ಕುಡಿಯಲ್ಲ ಎಂದ ಪೂವಣ್ಣ.
ಅವನಪ್ಪನ ಹೋಟೆಲಿರುವುದು ಸಿದ್ದಾಪುರದಲ್ಲಿ.

ಎರಡನೆಯದು ತೋರಿಸಿದೆ:
ಇರುಳು, ಕಾಫಿ ಗಿಡಗಳ ನಡುವೆ ಒಂಟಿ ಸಲಗ,
ಎದುರಿಗೆ ಬಿಳಿ ಫ್ರಾಕಿನ ಮಗು
ಕೈ ಚಾಚಿ ಸೊಂಡಿಲು ಸವರುತ್ತದೆ.
ಕೆಳಗೆ ಅಕ್ಷರ: ನಮ್ಮ ಕೊಡಗಿನಲ್ಲಿ ನಿನ್ನೆ ರಾತ್ರಿ.
ತರಗತಿ ತೆಪ್ಪಗಾಯಿತು.
ನನ್ನ ತಂಗಿ ಇದನ್ನು ನೋಡಿ ಕಣ್ಣೊರೆಸಿಕೊಂಡಿದ್ದಳು.
ಇರಲಿ, ನಾನೂ. ಮೂವರಿಗೆ ಕಳಿಸಿಯೂ ಇದ್ದೆ.

ಹಿಂದಿನ ಸಾಲಿನಿಂದ ಬೊಳ್ಳಿ ಎದ್ದಳು,
ಲೈನ್‌ಮನೆಯ ಬೊಳ್ಳಿ, ದಿನಕ್ಕೆ ನಾಲ್ಕೇ ಮಾತಿನವಳು.
ಆನೆಯನ್ನು ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ,
ಆನೆ ಬಂದ ದಾರಿಯ ಗಿಡ ನೋಡಿದಳು.
"ಒಂದೂ ಮುರಿದಿಲ್ಲ."
ಆಮೇಲೆ ಚಿತ್ರದ ಅಂಚು ದಾಟಿ
ಬೆಂಚಿನ ಬರೀ ಮರದ ಮೇಲೆ ಬೆರಳಿಟ್ಟು:
"ಇಲ್ಲಿ ಯಾರು ನಿಂತಿದ್ರು ಟೀಚರ್, ಫೋನು ಹಿಡ್ಕೊಂಡು?
ಮಗೂನ ಯಾಕೆ ಎತ್ಕೊಳ್ಲಿಲ್ಲ?"

ವಾರವಿಡೀ ಕೂತು ಬರೆದ ನನ್ನ ಪಾಠ
ಚೀಲದಲ್ಲೇ ಉಳಿಯಿತು.

ಅಂದಿನಿಂದ ಮಕ್ಕಳಿಗೆ ಅದೇ ಆಟ.
ಸೋಪಿನ ಜಾಹೀರಾತಿನ ಅಮ್ಮ ನಗುತ್ತಾಳೆ: ಹಿಡಿದವರು ಯಾರು?
ಬಿಸ್ಕತ್ತು ತಿಂದ ಹುಡುಗ ಹಾರುತ್ತಾನೆ: ಹಗ್ಗ ಎಲ್ಲಿ?
ವಾರ್ತೆ ಓದುವವಳ ಮುಂದೆಯೂ ಪೂವಣ್ಣ ಅದನ್ನೇ ಕೇಳಿ
ತಾತನ ಕೈಲಿ ಬೈಸಿಕೊಂಡ.

ಶುಕ್ರವಾರ ಮೂರೂಕಾಲಿಗೆ ಫೋನು ಗುಂಯ್‌ಗುಟ್ಟಿತು.
ತೋಟದವರ ಗುಂಪಿನಲ್ಲಿ ಒಂದು ಫೋಟೊ:
ಶಾಲೆಯ ತಿರುವಿನಲ್ಲಿ ಆನೆ, ಮಕ್ಕಳನ್ನು ಬಿಡಬೇಡಿ.
ಹಳೆಯದಿರಬಹುದು. ಯಾರದೋ ಕುಚೋದ್ಯವಿರಬಹುದು.
ಹನ್ನೊಂದು ಮುಖ ನನ್ನತ್ತ: ನಿಜವಾ, ಸುಮ್‌ಸುಮ್ನೆಯಾ?
ಗೊತ್ತಿಲ್ಲ, ಅಂದೆ.
ಟೀಚರ್ ಬಾಯಲ್ಲಿ ಆ ಮಾತು
ಅವರು ಕೇಳಿದ್ದು ಅದೇ ಮೊದಲು.

ಕಳಿಸಿದವರಿಗೆ ಕರೆ ಮಾಡಿದೆ. ಎಂಗೇಜು.
ಗೇಟಿಗೆ ಚಿಲಕ ಹಾಕಿಸಿದೆ, ನಿಜವೋ ಅಲ್ಲವೋ, ಚಿಲಕಕ್ಕೇನು ಖರ್ಚು.
ಬೊಳ್ಳಿ ಕಿಟಕಿಯ ಸರಳಿಗೆ ಕೆನ್ನೆಯಿಟ್ಟು ಮೂಗರಳಿಸಿದಳು.
ಅವಳ ಬೆನ್ನಿಗೆ ನಾವೆಲ್ಲ, ಉಸಿರು ಹಿಡಿದು.

ಕೆಳಗೆ, ಹೊಳೆಯ ಕಡೆ,
ಒಂದು ಬಿದಿರು
ಲಟ್ಟೆಂದಿತು.